ಕುಂಕುಮ ಹಚ್ಚಿದ ಅಂಚಿನ ಕಲ್ಲು

೧೯೭೪ರ ಸುಗ್ಗಿ ಮುಗಿದಿತ್ತು. ಹುಮನಾಬಾದ ಬಸ್ ನಿಲ್ದಾಣದಲ್ಲಿ ಕುಳಿತಿದ್ದ ಪಂಡರಿಯ ಹಿಂದಿನ ಬೆಂಚಿನಲ್ಲಿ ಗಂಗುಬಾಯಿ ತನ್ನ ಹಳೆಯ ನೆರೆಯವಳನ್ನು ಕೇಳಿದ್ದು ಅವನ ಕಿವಿಗೆ ಬಿತ್ತು.

"ತುಳಜಾ, ಮನಿ ಮುಂದಿನ ರಸ್ತೆ ಅಂಚಿನ ಎತ್ತರದ ಕಲ್ಲು ತಗದು ತಗ್ಗು ಮಾಡಿದ್ರೇನ? ಬಂಡಿ ಅಂಗಳಕ್ಕ ಬರ್ತದ?"

"ಬರ್ತದ್ರಿ ಅಕ್ಕಾ. ಮೊದಲ ಪುರಸಭೆ ಆಳುಗಳು ಕಲ್ಲು ಮುಟ್ಟಲೇ ಇಲ್ಲ."

"ಯಾಕ?"

"ಹೊಸ ಜೋಳದ ಬಂಡಿ ಆ ಕಲ್ಲಿಗೇ ತಡೆದು ನಿಂತಿತ್ತಲ್ರಿ. ನಮ್ಮ ಅತ್ತಿ ಬಂಡಿಗೆ ಅಲ್ಲೇ ಆರತಿ ಮಾಡಿ, ಕಲ್ಲಿಗೂ ಕುಂಕುಮ ಹಚ್ಚಿದ್ರು. ಆಮ್ಯಾಲ ಹೋಗೋರು ಬರೋರೆಲ್ಲ ಕೈ ಮುಗಿಯಾಕತ್ತಿದ್ರು."

"ಅಯ್ಯ! ದೇವರನ್ನ ಒಡಿಯೋರು ಯಾರು?"

"ಅತ್ತಿನೇ ಅಂದ್ರು: ಒಡೀಬ್ಯಾಡ್ರಿ, ಎತ್ತಿ ನಮ್ಮ ತುಳಸಿಕಟ್ಟಿ ಮುಂದ ಇಡ್ರಿ."

"ಇಟ್ರೇನ?"

"ಇಟ್ರು. ಈಗ ದೇವರೂ ಒಳಗ, ಬಂಡೀನೂ ಒಳಗ."

ಕಲ್ಯಾಣದ ಬಸ್ ಬಂತು. ಹೆಂಗಸರಿಬ್ಬರೂ ನಗುತ್ತಲೇ ಹತ್ತಿದರು.