ಕೊನೇ ಪಾಯಿಂಟಿನ ಕೂಗು

ನಗ್ತೀಯಲ್ಲ ಅಕ್ಕಾ! ಇದರಲ್ಲಿ ನಗೋದೇನಿದೆ? ನಾನಿಲ್ಲಿ ತಲೆ ಕೆಟ್ಟು ಓಡಿ ಬಂದಿದ್ದೀನಿ... ವಾಲಿಬಾಲ್ ಕ್ಯಾಂಪಿನಲ್ಲಿ ಇಪ್ಪತ್ತು ಹುಡುಗಿಯರು, ಇಪ್ಪತ್ತರಲ್ಲೂ ಎತ್ತರ ಹಾರೋಳು ನಿನ್ನ ಮಗಳು. ಹೊಡೆದ್ರೆ ಚೆಂಡು ನೆಲಕ್ಕೆ ಬಿದ್ದ ಮೇಲೇ ಎದುರಿನವರಿಗೆ ಗೊತ್ತಾಗೋದು. ಆದ್ರೆ ಬಾಯಿ? ಬಾಯಿಗೆ ಬೀಗ! ಹೊಡೆಯೋಳು ಓಡಿ ಬರುವಾಗ ಕೂಗ್ಬೇಕು, ಚೆಂಡು ನಂಗೆ ಕೊಡು ಅಂತ ಕೇಳ್ಬೇಕು, ಇದು ಚಿಕ್ಕ ಮಕ್ಕಳಿಗೂ ಗೊತ್ತು. ಚೆಂಡು ಎತ್ತಿಕೊಡೋ ಸೆಟ್ಟರ್ ಕಣ್ಣು ಚೆಂಡಿನ ಮೇಲಿರುತ್ತೆ. ಹಿಂದೆ ಯಾರು ಬಂದ್ರು, ಪಕ್ಕದಲ್ಲಿ ಯಾರು ಬಂದ್ರು, ಎಲ್ಲ ಕಿವಿಯಿಂದಲೇ ತಿಳ್ಕೋಬೇಕು ಅವಳು. ನಿನ್ನ ಮಗಳು ಬೆಕ್ಕಿನ ಹಾಗೆ ಬರ್ತಾಳೆ, ಬೆಕ್ಕಿನ ಹಾಗೆ ಹೋಗ್ತಾಳೆ. ಯಾರು ಕೊಡ್ತಾರೆ ಅವಳಿಗೆ ಚೆಂಡು?

ನೀನು ಆ ಪುಸ್ತಕ ಹೊಲಿ, ಹೊಲಿ. ನಾನು ಬಂದೆ ಅಂತ ಕೆಲಸ ನಿಲ್ಲಿಸ್ಬೇಡ. ಈ ಸ್ಟೂಲ್ ಮೇಲೆ ಕೂರ್ಲಾ? ಅಂಟು ಇಲ್ಲ ತಾನೇ? ಹೋದ ಸಲ ಕೂತು ಎದ್ದಾಗ ಯಾರದೋ ಪುಸ್ತಕದ ರಟ್ಟು ನನ್ನ ಪ್ಯಾಂಟಿಗೇ ಬೈಂಡ್ ಆಗಿತ್ತು. ಹಾಂ, ಇದಕ್ಕೆ ಬೇಕಾದ್ರೆ ನಗು.

ನೋಡು, ನಾಳೆ ಬೆಳಿಗ್ಗೆ ಹನ್ನೆರಡು ಜನರ ಲಿಸ್ಟ್ ಹಾಕ್ಬೇಕು. ಕೋಚ್ ನಾನೇ, ಆದ್ರೆ ನಾನೊಬ್ಬಳೇ ಅಲ್ವಲ್ಲ. ಪಕ್ಕದಲ್ಲಿ ಇನ್ನಿಬ್ಬರು ಸೆಲೆಕ್ಟರ್‌ಗಳು ಕೂತಿರ್ತಾರೆ, ಅಕ್ಕನ ಮಗಳನ್ನ ತುರುಕಿದಳು ಅಂತ ಆಡಿಕೊಳ್ಳೋಕೆ ಕಾಯ್ತಾ. ಬಾಯಿ ಬಿಡದೋಳನ್ನ ಯಾವ ಮುಖ ಇಟ್ಕೊಂಡು ತಗೊಳ್ಳಲಿ ನಾನು? ಇವತ್ತು ಆರು ಗಂಟೆಗೆ ಕೊನೇ ಮ್ಯಾಚ್. ಅವಳು ನಾಲ್ಕೂವರೆಗೆ ತಿಂಡಿಗೆ ಅಂತ ಇಲ್ಲಿಗೆ ಬರ್ತಾಳಲ್ಲ, ಆಗ ನೀನು ಒಂದು ಮಾತು ಹೇಳು ಸಾಕು. ಕೂಗು ಮಗಳೇ ಅಂತ. ನಿನ್ನ ಮಾತಾದ್ರೆ ಕೇಳ್ತಾಳೆ.

ನೀನು ಹೇಗೆ ಕೂಗ್ತಿದ್ದೆ ಅಕ್ಕಾ! ತಾರಸಿ ಮೇಲೆ ಬಟ್ಟೆ ಒಣಹಾಕೋ ಹಗ್ಗಾನೇ ನಮಗೆ ನೆಟ್. ನಂಗೆ ಎಂಟು, ನಿಂಗೆ ಹನ್ನೊಂದು. "ಎತ್ತೇ, ಇನ್ನೂ ಎತ್ತರಕ್ಕೆ ಎತ್ತೇ" ಅಂತ ಬೈದು ಬೈದು ನನ್ನ ಬೆರಳಿಗೆ ಬುದ್ಧಿ ಕಲಿಸಿದ್ದು ನೀನು. ಆಮೇಲೆ ಓಡಿ ಬರ್ತಾ ಒಂದು ಕೂಗು... ಕೆಳಗೆ ಅಮ್ಮ ಯಾರಿಗೆ ಏನಾಯ್ತೋ ಅಂತ ಸೌಟು ಹಿಡ್ಕೊಂಡೇ ಮೆಟ್ಟಿಲು ಹತ್ತಿ ಬರೋಳು! ಅಂಥವಳ ಹೊಟ್ಟೇಲಿ ಈ ಮೂಗಿ ಹೇಗೆ ಹುಟ್ಟಿದಳು ಹೇಳು?

ಇಲ್ಲ, ಕಾರಣ ಗೊತ್ತು ನಂಗೆ. ಇವತ್ತು ಬೆಳಿಗ್ಗೆ ಪಕ್ಕಕ್ಕೆ ಕರೆದು ಕೇಳಿದೆ. ಯಾಕೇ ಪುಟ್ಟಿ, ಕೂಗೋಕೆ ನಾಚಿಕೆನಾ, ಗಂಟಲು ನೋವಾ ಅಂತ. ಏನಂದ್ಲು ಗೊತ್ತಾ? ತಲೆ ಬಗ್ಗಿಸಿಕೊಂಡು ಬೂಟಿನ ದಾರ ಬಿಗೀತಾ... "ಕೂಗಿದ್ದಕ್ಕೇ ಅಲ್ವಾ ಚಿಕ್ಕಮ್ಮ, ಅಮ್ಮನ ಮಂಡಿ ಹೋಗಿದ್ದು? ಅಷ್ಟೊಂದು ಆಸೆ ನಂಗೆ ಬೇಡ. ಕೊಟ್ಟರೆ ಹೊಡೀತೀನಿ."

ಹೀಗಂದ್ಲು.

ಯಾರು ಹೇಳಿದ್ರು ಅವಳಿಗೆ ಇದನ್ನ? ನೀನಾ? ...ಹಾಗೆ ನೋಡ್ಬೇಡ ಮಾರಾಯ್ತಿ. ನಾನೇನು ಅವಳನ್ನ ಕೂರಿಸಿಕೊಂಡು ಹೇಳಿಲ್ಲ. ಯಾವುದಾದ್ರೂ ಸನ್ಮಾನದಲ್ಲಿ ಹೇಳಿರ್ತೀನಿ, ಪೇಪರಿನವರು ನಿಮ್ಮಕ್ಕನೂ ಆಡ್ತಿದ್ರಂತಲ್ಲ ಅಂದಾಗ ಹೇಳಿರ್ತೀನಿ. ಹೆಮ್ಮೆಯಿಂದಲೇ ಹೇಳಿರ್ತೀನಿ ಅಕ್ಕಾ! ಮಂಡಿ ಸರಿ ಇಲ್ಲದಿದ್ರೂ ಕೊನೇ ಪಾಯಿಂಟಲ್ಲಿ ಕೂಗಿ ಚೆಂಡು ಕೇಳಿದಳು ನಮ್ಮಕ್ಕ, ಕಪ್ಪು ಗೆದ್ದುಕೊಟ್ಟಳು, ಅಲ್ಲಿಗೆ ಅವಳ ಆಟ ಮುಗೀತು ಅಂತ. ಜನ ಚಪ್ಪಾಳೆ ತಟ್ತಾರೆ. ಒಂದಿಬ್ಬರು ಕಣ್ಣೂ ಒರೆಸಿಕೊಳ್ತಾರೆ. ಅದರಲ್ಲಿ ತಪ್ಪೇನಿದೆ?

ಸೂಜಿ ಯಾಕೆ ನಿಲ್ಲಿಸಿದೆ?

ಹೊಲಿ ಅಕ್ಕಾ. ದಾರ ಒಣಗಿದ್ರೆ ಮತ್ತೆ ಮೇಣ ಉಜ್ಜಬೇಕು ಅಂತ ನೀನೇ ಹೇಳ್ತಿದ್ದೆ.

ಸರಿ, ಆ ಮಾತು ಈಗ ಬೇಡ. ಹದಿನೇಳು ವರ್ಷ ಆಯ್ತು. ಹೇಳೋಕೆ ಹೊಸದೇನಿದೆ ಅದರಲ್ಲಿ? ಐದನೇ ಸೆಟ್, ಹದಿನಾಲ್ಕು ಹದಿಮೂರು, ನಮಗೆ ಒಂದೇ ಪಾಯಿಂಟ್ ಬಾಕಿ. ಅವರ ಸರ್ವ್ ಬಂತು. ನಮ್ಮ ಪಾಸ್ ಎಲ್ಲೋ ಹೋಯ್ತು, ನಾನು ಬಿದ್ದೆನೋ ಎದ್ದೆನೋ ಅಂತ ಚೆಂಡಿನ ಕೆಳಗೆ ಓಡಿದೆ. ಎಡಗಡೆ ನಮ್ಮ ಉದ್ದಕ್ಕ ಇದ್ದಳು, ನಾಲ್ಕು ಜನರನ್ನ ದಾಟಿ ಕಾಣೋ ಹಾಗಿದ್ದ ಹೆಂಗಸು, ಆದ್ರೆ ಅವಳಿಗೆ ಕೊಡೋ ಹಾಗಿರಲಿಲ್ಲ. ಬೆನ್ನ ಹಿಂದೆ ನೀನು. ಬೆನ್ನ ಹಿಂದಕ್ಕೆ ಎತ್ತಿದೆ. ನೀನು ಹೊಡೆದೆ. ಗೆದ್ವಿ. ನಾನು ಕೈ ಎತ್ತಿಕೊಂಡು ಓಡ್ತಿದ್ದೀನಿ, ತಿರುಗಿ ನೋಡಿದ್ರೆ ನೀನು ನೆಲದ ಮೇಲೆ. ಅಷ್ಟೇ ತಾನೇ ಆಗಿದ್ದು?

ಏನು?

ಯಾಕೆ ತಲೆ ಅಲ್ಲಾಡಿಸ್ತೀಯ? ಪಾಸ್... ಪಾಸ್ ಸ್ವಲ್ಪ ಆಚೆ ಹೋಗಿತ್ತು ಅಕ್ಕಾ. ಸ್ವಲ್ಪ. ಏನು, ಆ ಮ್ಯಾಚಿನ ವಿಡಿಯೋ ಟೇಪ್ ನೀನೂ ನೋಡಿದ್ದೀಯಾ? ಯಾವಾಗ? ನನ್ನ ಮದುವೆಗೂ ಮುಂಚೇನಾ?

ಹೂಂ. ಆಯ್ತು. ಪಾಸ್ ಚೆನ್ನಾಗೇ ಬಂತು. ತಲೆ ಮೇಲೆ ಬಂದು ಕೂತ ಹಾಗೆ ಬಂತು. ಉದ್ದಕ್ಕನಿಗೆ ಕೊಡಬಹುದಿತ್ತು. ಅವಳ ಎದುರು ಚೆಂಡು ತಡೆಯೋಕೆ ಒಬ್ಬಳೇ ಬ್ಲಾಕ್‌ಗೆ ನಿಂತಿದ್ದಳು, ಅದೂ ಕುಳ್ಳಿ. ಸರಿನಾ? ಸಮಾಧಾನ ಆಯ್ತಾ? ಆದ್ರೆ ಆ ಗಲಾಟೆ ನೆನಪಿಸಿಕೋ! ತಗಡಿನ ಛಾವಣಿ, ಅಷ್ಟು ಜನ, ಡ್ರಮ್ ಬೇರೆ. ನನ್ನ ಉಸಿರು ನಂಗೇ ಕೇಳಿಸ್ತಿರಲಿಲ್ಲ. ನಾವಿಬ್ಬರೂ ಬಸ್ಸಿನಲ್ಲಿ ಏನೇ ಮಾತಾಡಿಕೊಂಡಿರಲಿ, ಆ ಗಲಾಟೆಯಲ್ಲಿ ಯಾರಿಗೆ ಏನು ಕೇಳಿಸುತ್ತೆ...

ಇಲ್ಲ. ಬಸ್ಸಿನ ಮಾತು ನಾನು ಮರೆತಿಲ್ಲ. ಮರೆತೆ ಅಂತ ಯಾರು ಹೇಳಿದ್ರು ನಿಂಗೆ?

ಕ್ರೀಡಾಂಗಣಕ್ಕೆ ಹೋಗೋ ದಾರಿ. ಹಿಂದಿನ ಸೀಟು. ನನ್ನ ಕೈ ತಗೊಂಡು ನಿನ್ನ ಮಂಡಿ ಮೇಲೆ ಇಟ್ಟೆ ನೀನು. ಒಳಗೆ ಏನೋ ಕಟ್ ಕಟ್ ಅಂತಿತ್ತು, ನನ್ನ ಕೈಗೇ ಗೊತ್ತಾಗ್ತಿತ್ತು. ನಮ್ಮ ಕೋಚ್ ಸೀಟಿ ಸರ್‌ಗೆ ಹೇಳೋಣ ಅಂದೆ ನಾನು. "ಹೇಳಿದ್ರೆ ಬೆಂಚಿನಲ್ಲಿ ಕೂರಿಸ್ತಾರೆ, ಬೇಡ" ಅಂದೆ ನೀನು. ಆಮೇಲೆ ನೀನೇ ದಾರಿ ಹೇಳಿದೆ. ಮಂಡಿ ತಡೆಯುತ್ತೆ ಅನ್ನಿಸಿದ್ರೆ ಕೂಗ್ತೀನಿ, ಆಗ ಕೊಡು. ತಡೆಯಲ್ಲ ಅನ್ನಿಸಿದ್ರೆ ಸುಮ್ಮನೆ ಓಡಿ ಬರ್ತೀನಿ, ಅವರ ಬ್ಲಾಕ್ ನನ್ನ ಹಿಂದೆ ಬರಲಿ ಅಂತ ಮಾತ್ರ. ನಾನು ಕೂಗದಿದ್ರೆ ನಂಗೆ ಕೊಡಬೇಡ... ಅಂದೆ. ಎರಡು ಸಲ ಅಂದೆ. ನಾನು ನಿನ್ನ ತಲೆ ಮುಟ್ಟಿ ಆಯ್ತು ಅಂದೆ.

ನಾಲ್ಕು ಸೆಟ್ ಹಾಗೇ ಆಡಿದ್ವಿ ಅಲ್ವಾ? ಕೂಗಿದಾಗ ಕೊಟ್ಟೆ. ಕೂಗದಿದ್ದಾಗ ಬೇರೆಯವರಿಗೆ ಕೊಟ್ಟೆ. ಒಂದು ಸಲವೂ ತಪ್ಪಲಿಲ್ಲ ನಾನು. ಒಂದೇ ಒಂದು...

ನಾನು ಏನು ಹೇಳ್ತಾ ಇದ್ದೀನಿ? ಗಲಾಟೆಯಲ್ಲಿ ಕೇಳಿಸಲಿಲ್ಲ ಅಂದೆ ಅಲ್ವಾ ಈಗ ತಾನೇ. ನಾಲ್ಕು ಸೆಟ್ ಕೇಳಿಸಿತ್ತು.

ಏನಾದ್ರೂ ಮಾತಾಡು ಅಕ್ಕಾ! ಹೀಗೆ ಕೂತರೆ ನಾನು ಏನಂತ ತಿಳ್ಕೊಳ್ಳಲಿ? ಬೈಯಿ. ಆ ಕತ್ತರಿ ತಗೊಂಡು ಮುಖಕ್ಕೆ ಎಸಿ. ಅದು ಬಿಟ್ಟು ಕೈ ಕಟ್ಟಿಕೊಂಡು ಕೂತಿದ್ದೀಯಲ್ಲ... ಕೂಗದೆ...

ನಿನ್ನೆ ಏನಾಯ್ತು ಗೊತ್ತಾ? ಪ್ರಾಕ್ಟೀಸಿನಲ್ಲಿ ಒಬ್ಬಳಿಗೆ ಕಾಲು ಹಿಡ್ಕೊಂಡಿತು ಅಂತ ಅವಳ ಬದಲು ನಾನೇ ಚೆಂಡು ಎತ್ತೋಕೆ ನಿಂತೆ. ನಿನ್ನ ಮಗಳು ಬೆನ್ನ ಹಿಂದಿನಿಂದ ಬಂದ್ಲು. ಬರೀ ಹೆಜ್ಜೆ ಸದ್ದು, ಬಾಯಿಲ್ಲ. ನನ್ನ ಕೈ ಅಲ್ಲೇ ನಿಂತುಹೋಯ್ತು. ಚೆಂಡು ಬೆರಳ ಮಧ್ಯದಿಂದ ಜಾರಿ ನನ್ನ ಮೂಗಿನ ಮೇಲೇ ಬಿತ್ತು. ಹುಡುಗಿಯರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ನಲ್ಲಿ ತಿರುಗಿಸಿ ಬಿಟ್ಟು, ಬಚ್ಚಲಲ್ಲಿ ಕೂತು ಅತ್ತೆ. ಹದಿನಾಲ್ಕು ವರ್ಷ ದೇಶಕ್ಕೆ ಆಡಿದ್ದೀನಿ, ಆರು ವರ್ಷ ಕ್ಯಾಪ್ಟನ್ ಆಗಿದ್ದೆ. ಅವತ್ತಿನಿಂದ ಕೊನೇ ಪಾಯಿಂಟಲ್ಲಿ ಒಂದೇ ಒಂದು ಸಲ ಬೆನ್ನ ಹಿಂದಕ್ಕೆ ಚೆಂಡು ಕೊಟ್ಟಿಲ್ಲ. ಅದನ್ನ ನನ್ನ ತಂತ್ರ ಅಂತ ಪೇಪರಿನಲ್ಲಿ ಬರೆದ್ರು. ತಂತ್ರ ಅಂತೆ!

ನಿನ್ನ ಕೂಗು ನಂಗೆ ಎಲ್ಲಿದ್ರೂ ಗೊತ್ತಾಗ್ತಿತ್ತು ಅಕ್ಕಾ. ಊರು ಮುಳುಗಿದ್ರೂ ಗೊತ್ತಾಗ್ತಿತ್ತು. ಅವತ್ತು ಅದು ಬರಲಿಲ್ಲ ಅನ್ನೋದೂ ಗೊತ್ತಾಯ್ತು.

ನೀನು ಕೂಗಲಿಲ್ಲ.

ಉದ್ದಕ್ಕ ಕೂಗ್ತಿದ್ದಳು, ಗಂಟಲು ಹರಿಯೋ ಹಾಗೆ. ನೀನು ಸುಮ್ಮನೆ ಬರ್ತಿದ್ದೆ. ನಂಗೆ ಎರಡೂ ಕೇಳಿಸ್ತು. ಆದ್ರೂ ನಿಂಗೇ ಎತ್ತಿದೆ. ಉದ್ದಕ್ಕ ಹೊರಗೆ ಹೊಡೆದುಬಿಟ್ರೆ ಅಂತ ಭಯ. ನಿನ್ನ ಕೈಗೆ ಹೋದ್ರೆ ಗೆದ್ವಿ ಅಂತ ಗೊತ್ತಿತ್ತು. ಬಂದ ಚೆಂಡನ್ನ ಬಿಡೋ ಜಾತಿ ಅಲ್ಲ ನಮ್ಮಕ್ಕ, ಮಂಡಿ ಇರಲಿ ಬಿಡಲಿ ಹಾರ್ತಾಳೆ ಅಂತಾನೂ ಗೊತ್ತಿತ್ತು. ಒಂದೇ ಒಂದು ಸಲ, ಏನೂ ಆಗಲ್ಲ ಅಂದ್ಕೊಂಡೆ. ಗೆಲ್ಲಬೇಕಿತ್ತು ನಂಗೆ. ಬೇರೆ ಏನೂ ಅಲ್ಲ ಅಕ್ಕಾ, ಗೆಲ್ಲಬೇಕಿತ್ತು!

ಅಷ್ಟೇ ಆಗಿದ್ರೆ... ಅಷ್ಟೇ ಆಗಿದ್ರೆ ನಿನ್ನ ಕಾಲು ಹಿಡ್ಕೊಂಡು ತಪ್ಪಾಯ್ತು ಅಂದುಬಿಡ್ತಿದ್ದೆ. ನೀನೂ ಹೋಗಲಿ ಬಿಡೇ ಅಂತಿದ್ದೆ, ನನಗೆ ಗೊತ್ತು. ಆಸ್ಪತ್ರೆ ಬಾಗಿಲಲ್ಲಿ ಸೀಟಿ ಸರ್ ನನ್ನನ್ನ ನಿಲ್ಲಿಸಿದ್ರು. ಮಂಡಿ ಮೊದಲೇ ಕೆಟ್ಟಿತ್ತು ಅಂತಿದ್ದಾರೆ ಡಾಕ್ಟರು, ನಿಂಗೆ ಗೊತ್ತಿತ್ತಾ, ಗೊತ್ತಿದ್ದೂ ಚೆಂಡು ಕೊಟ್ಟೆಯಾ ಅಂತ. ನಂಗೆ ಇಪ್ಪತ್ತು ವರ್ಷ. ಟೀಮಿನಿಂದ ತೆಗೆದು ಮನೆಗೆ ಕಳಿಸಿಬಿಡ್ತಾರೆ ಅಂತ ಹೆದರಿದೆ. ಗೊತ್ತಿರಲಿಲ್ಲ ಸರ್, ಅವಳೇ ಕೂಗಿದ್ಳು ಅಂದೆ. ಅವರು ಹಾಗೇ ಬರ್ಕೊಂಡ್ರು. ಆಸೆಬುರುಕಿ, ಮಂಡಿ ಮುಚ್ಚಿಟ್ಟು ಆಡಿದಳು ಅಂತ ಎಲ್ಲರ ಎದುರಿಗೂ ಅಂದ್ರು. ನಿನ್ನನ್ನ ನೋಡೋಕೂ ಬರಲಿಲ್ಲ.

ನಿಂಗೆ ಎಚ್ಚರ ಆದಾಗ ನಾನೇ ಪಕ್ಕದಲ್ಲಿದ್ದೆ. ನೀನು ಮೊದಲು ಕೇಳಿದ್ದೇ ಅದು. "ನಾನು ಕೂಗಲಿಲ್ಲ ಅಲ್ವೇನೇ?" ಅಂತ. ನೆನಪಿದೆಯಾ? ನಿನ್ನ ಕೈ ಹಿಡ್ಕೊಂಡು, ಈ ಎರಡೂ ಕೈಲಿ ಹಿಡ್ಕೊಂಡು, "ಕೂಗಿದೆ ಅಕ್ಕಾ, ನಂಗೆ ಕೇಳಿಸ್ತು, ನೋವಿನಲ್ಲಿ ನಿಂಗೆ ಮರೆತುಹೋಗಿದೆ" ಅಂದೆ.

ಹೌದಾ ಅಂದೆ ನೀನು. ಹೌದೇನೋ ಅಂದೆ.

ಹದಿನೇಳು ವರ್ಷ ಅದನ್ನೇ ನಂಬ್ಕೊಂಡು ಕೂತೆಯಾ ಅಕ್ಕಾ? ಇಲ್ಲಿ, ಈ ರಟ್ಟು, ಈ ದಾರ, ಆ ಕಾಲನ್ನ ಹೀಗೆ ಚಾಚಿಕೊಂಡು... ನನ್ನ ಆಸೆಯಿಂದಲೇ ಹೋಯ್ತು ಅಂತ? ಇಲ್ಲ, ನಂಬಲಿಲ್ಲ ನೀನು. ಎಲ್ಲಿಂದಲೋ ಆ ಟೇಪ್ ತರಿಸಿ ನೋಡಿದ್ದೀಯ. ಬಾಯಿ ಮುಚ್ಚಿಕೊಂಡು ಓಡಿ ಬರೋದು ಅದರಲ್ಲಿ ಕಾಣುತ್ತೆ ಅಲ್ವಾ? ನೋಡಿಯೂ ನನ್ನ ಮದುವೇಲಿ ಬಂದು ಬಡಿಸಿದೆ. ಮಗಳನ್ನ ನನ್ನ ಕ್ಯಾಂಪಿಗೆ ಕಳಿಸಿದೆ. ಒಂದು ಸಲ, ಒಂದೇ ಒಂದು ಸಲ ನನ್ನನ್ನ ಕೇಳಬಾರದಿತ್ತಾ?

ಅಳಬೇಡ. ನೀನು ಅತ್ತರೆ ನಾನು ಸತ್ತೇ ಹೋಗ್ತೀನಿ.

ಗೊತ್ತಾಯ್ತು. ಕೂಗು ಮಗಳೇ ಅಂತ ಯಾವ ಬಾಯಲ್ಲಿ ಹೇಳ್ತೀಯ ನೀನು? ಅವಳು ಹೆದರಿರೋದು ನನ್ನ ಸುಳ್ಳಿಗೆ. ನಾನು ಬಂದು ನಿನ್ನ ಕೈಲಿ ಅದನ್ನ ತೊಳೆಸೋಕೆ ಕೂತಿದ್ದೀನಿ. ಆದ್ರೆ ಅವಳ ಕೋಣೆಯ ಗೋಡೆ ಮೇಲೆ ನನ್ನ ಫೋಟೋ ಇದೆ ಅಕ್ಕಾ. ಚಿಕ್ಕಮ್ಮ ಅಂದ್ರೆ ಪ್ರಾಣ ಅವಳಿಗೆ. ಹೇಳಿದ ಮೇಲೆ ನನ್ನ ಮುಖ ನೋಡ್ತಾಳಾ? ನೋಡಲ್ಲ. ನಾನಾಗಿದ್ರೂ ನೋಡ್ತಿರಲಿಲ್ಲ.

ಮೆಟ್ಟಿಲ ಮೇಲೆ ಸದ್ದು. ಬಂದ್ಲು ಅನ್ಸುತ್ತೆ. ಎರಡೆರಡು ಮೆಟ್ಟಿಲು ಹಾರಿಕೊಂಡು ಬರ್ತಾಳೆ, ನಿನ್ನ ಹಾಗೇ. ಕಣ್ಣು ಒರೆಸಿಕೋ ಅಕ್ಕಾ... ಬೇಡ, ಒರೆಸಿಕೋಬೇಡ. ಹೇಗಿದ್ದೀಯೋ ಹಾಗೇ ಇರು. ನೀನು ಏನೂ ಹೇಳಬೇಡ.

ಬಾ ಪುಟ್ಟಿ. ಚೀಲ ಕೆಳಗಿಡು, ಇಲ್ಲಿ ಕೂತ್ಕೋ. ಇಲ್ಲ, ಲಿಸ್ಟ್ ವಿಷಯ ಅಲ್ಲ. ಅಮ್ಮನಿಗೆ ಏನೂ ಆಗಿಲ್ಲ. ನನ್ನ ಕಡೆ ನೋಡು. ನೀನು ಬೆಳಿಗ್ಗೆ ಹೇಳಿದೆಯಲ್ಲ, ಅದು ತಪ್ಪು ಕಣೇ. ಅವತ್ತು ನಿಮ್ಮಮ್ಮ ಕೂಗಲೇ ಇಲ್ಲ. ಕೂಗಿದ್ಳು ಅಂತ ಹೇಳಿದೋಳು ನಾನು.