ಅಮೃತಶಿಲೆಯ ಅಪ್ಪ

ಶ್ರೀಮಂತನೊಬ್ಬನ ಕಥೆ ಹೇಳುತ್ತೇನೆ. ಯಾವ ಊರು ಎಂದು ಕೇಳಬೇಡಿ, ಅವನ ನೆಂಟರು ಇಲ್ಲೇ ಕೂತಿದ್ದಾರು. ಅವನ ತಂದೆ ತೀರಿಹೋದರು. ಒಂದು ಫೋಟೋ ಕೂಡ ತೆಗೆಸಿಕೊಂಡವರಲ್ಲ ಆ ಪುಣ್ಯಾತ್ಮ. ಮಗ ಶಿಲ್ಪಿಯನ್ನು ಕರೆಸಿ, ಮೂಗು ಹೀಗೆ, ಗದ್ದ ಹಾಗೆ ಎಂದು ನೆನಪಿನಿಂದಲೇ ಹೇಳಿ ಹೇಳಿ, ಅಮೃತಶಿಲೆಯಲ್ಲಿ ಅಪ್ಪನ ಮುಖ ಕೆತ್ತಿಸಿ ಅಂಗಳದಲ್ಲಿ ಇರಿಸಿದ.

ತಾಯಿಗೆ ಕಣ್ಣು ಹೋಗಿತ್ತು. ಮಗಳ ಮನೆಯಲ್ಲಿದ್ದ ಆಕೆ ವರ್ಷಕ್ಕೊಮ್ಮೆ ಗಂಡನ ತಿಥಿಗೆ ಬರುತ್ತಿದ್ದರು. ಮೊದಲ ವರ್ಷ ಆ ಕಲ್ಲಿನ ಹುಬ್ಬು, ಮೂಗು, ಮೀಸೆ ಎಲ್ಲ ತಡವಿ, "ಅವ್ರೇ ಕಣೋ" ಎಂದರು. ಮಗನಿಗೆ ಇನ್ನೇನು ಬೇಕು ಹೇಳಿ?

ಅಂಗಳ ಎಂದ ಮೇಲೆ ಧೂಳು, ಕಾಗೆ. ಅಪ್ಪನ ಮುಖದ ಮೇಲೆ ಕಲೆ ಬಿತ್ತು. ಹಿತ್ತಾಳೆ ತಿಕ್ಕುವಂತೆ ನಿಂಬೆಹಣ್ಣು ಹಾಕಿ ತಿಕ್ಕಿದ. ನೋಡಿ, ಬುಸಬುಸನೆ ನೊರೆ ಬಂತು! ಕೊಳೆ ಹೊರಡುತ್ತಿದೆ ಎಂದುಕೊಂಡ. ತೊಳೆದರೆ ಅಪ್ಪ ಬೆಳ್ಳಗೆ.

"ಹುಳಿ ಕಲ್ಲನ್ನ ತಿನ್ನತ್ತೆ ಕಣ್ರೀ, ನೀರಲ್ಲಿ ಒರೆಸಿದ್ರೆ ಸಾಕು" ಎಂದಳು ಹೆಂಡತಿ.

"ನಮ್ಮಪ್ಪ. ನಂಗೊತ್ತು" ಎಂದ.

ಅಲ್ಲಿಂದ ಶನಿವಾರ ಶನಿವಾರ ನಿಂಬೆಹಣ್ಣು. ನೊರೆ ಹೆಚ್ಚು ಬಂದಷ್ಟೂ ಅವನಿಗೆ ಸಮಾಧಾನ. ಆ ನೊರೆ ಕೊಳೆಯದ್ದಲ್ಲ ಸ್ವಾಮಿ. ಹುಳಿ ತಾಗಿದ ಅಮೃತಶಿಲೆ ಕರಗುವಾಗ ಬರುವ ನೊರೆ ಅದು. ವಾರ ವಾರವೂ ಚರಂಡಿಗೆ ಹೋಗುತ್ತಿದ್ದದ್ದು ಅಪ್ಪ.

ನಾಲ್ಕನೇ ವರ್ಷ ತಾಯಿ ತಡವಿ, "ಇಳಿದು ಹೋಗಿದಾರಲ್ಲೋ ನಿಮ್ಮಪ್ಪ" ಎಂದರು. "ವಯಸ್ಸಾಯ್ತಲ್ಲಮ್ಮ" ಎಂದ. ಸತ್ತವರಿಗೆ ವಯಸ್ಸು!

ಹತ್ತನೇ ವರ್ಷ ಆಕೆಯ ಬೆರಳು ಹಣೆಯಿಂದ ಗದ್ದದವರೆಗೆ ಜಾರಿತು. ಎಲ್ಲೂ ನಿಲ್ಲಲಿಲ್ಲ. ತಟ್ಟನೆ ಕೈ ಹಿಂದೆ ತೆಗೆದು, ಸೆರಗು ತಲೆಯ ಮೇಲೆ ಎಳೆದುಕೊಂಡು, "ಯಾರ ಮುಂದೆ ತಂದು ನಿಲ್ಲಿಸ್ದ್ಯೋ? ನಿಮ್ಮಪ್ಪನ ಹತ್ರ ಕರ್ಕೊಂಡ್ ಹೋಗು" ಎಂದರು.

ಅಪ್ಪ ಎಲ್ಲಿ? ಮೂಗು ಹೇಗಿತ್ತು ಎಂದು ನೆನೆದರೆ ಅವನಿಗೂ ಹೊಳೆಯಲಿಲ್ಲ. ಅಂಗಳದಲ್ಲೇ ಕೂತು ಗೋಳೋ ಎಂದು ಅತ್ತ.

ಈಗ ನಿಮ್ಮ ಮನೆಗೆ ಬರೋಣ. ಮಗ ಊಟಕ್ಕೆ ಕೂತ ಕೂಡಲೇ ಶುರು ಮಾಡುವುದಿಲ್ಲವೇ? ಕೂತದ್ದು ಸರಿಯಿಲ್ಲ, ಅಂಕ ಸಾಲದು, ಪಕ್ಕದ ಮನೆಯವನನ್ನು ನೋಡು. ಸೊಸೆ ಬಡಿಸುವಾಗಲೇ ಸಾರಿನಲ್ಲಿ ಹುಳುಕು. ಅವರ ಕಣ್ಣಲ್ಲಿ ನೀರು ಬಂದರೆ, ಆಹಾ, ಬುದ್ಧಿ ಬರುತ್ತಿದೆ ಎನ್ನುತ್ತೀರಿ. ಬುದ್ಧಿ ಬರುತ್ತಿಲ್ಲ, ಮಗ ಹೋಗುತ್ತಿದ್ದಾನೆ. ಎದುರಿಗೇ ಕೂತಿರುತ್ತಾನೆ, ಕರೆದರೆ ಹೂಂ ಎನ್ನುತ್ತಾನೆ, ಆದರೂ ಹೋಗುತ್ತಿದ್ದಾನೆ. ಪ್ರೀತಿಯಿಂದ ಹೇಳಿದೆ ಎನ್ನುತ್ತೀರಾ? ಆ ಶ್ರೀಮಂತನೂ ಪ್ರೀತಿಯಿಂದಲೇ ತಿಕ್ಕಿದ್ದು.

ಇವತ್ತು ಊಟಕ್ಕೆ ಕೂತಾಗ ಯಾರನ್ನೂ ತಿದ್ದಬೇಡಿ. ಸಾರು ಚೆನ್ನಾಗಿದೆ ಎನ್ನಿ. ಉಪ್ಪು ಕಡಿಮೆಯಿದ್ದರೆ? ಪಕ್ಕದಲ್ಲೇ ಇರುತ್ತದೆ. ಹಾಕಿಕೊಂಡು ಸುಮ್ಮನೆ ಉಣ್ಣಿ.