ಬೊಂಬಾಯಿಗೆ ಹೊರಟ ಕಡೆಯುವ ಕಲ್ಲು

೧೯೮೨. ಬಜ್ಪೆ ವಿಮಾನ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಹೆಂಡತಿಯ ಪೆಟ್ಟಿಗೆ ಭಾರ ಹೆಚ್ಚಾಗಿ ವಾಪಸು ಬಂದಿತ್ತು.

“ಉಮಾವತಿ, ಆ ಕಡೆಯುವ ಕಲ್ಲು ತೆಗಿ ಮಾರಾಯ್ತಿ.”

“ಕಲ್ಲಿಲ್ಲದೆ ಮಗಳ ಬಾಣಂತನವಾ? ಮದ್ದು ಎಂತದರಲ್ಲಿ ಅರೆಯುವುದು?”

“ಬೊಂಬಾಯಿಯಲ್ಲಿ ಮಿಕ್ಸಿ ಉಂಟು.”

“ಮಿಕ್ಸಿಯಲ್ಲಿ ಅರೆದದ್ದು ಮದ್ದಾ? ಪೆಟ್ಟಿಗೆಯಿಂದ ನನ್ನ ಸೀರೆ ತೆಗೀತೇನೆ, ಹಿಡ್ಕೊಳ್ಳಿ.”

“ಎಲ್ಲವೂ? ಅಲ್ಲಿ ಎಂತ ಉಡ್ತೀ?”

“ಮಗಳದ್ದು ಉಂಟಲ್ಲ.”

ಪೆಟ್ಟಿಗೆ ಪಾಸಾಯಿತು. ಗಂಡನ ತೋಳು ತುಂಬ ಸೀರೆ.

“ಇಲ್ಲಿ ನೋಡಿ, ಕಿಟಕಿ ಸೀಟು! ನೀವು ವಾಮಂಜೂರಿಗೆ ಹೋಗಿ ನಮ್ಮ ಗದ್ದೆಯಲ್ಲಿ ಆ ಕೆಂಪು ಸೀರೆ ಬೀಸಿ. ನಾನು ಮೇಲಿಂದ ನೋಡ್ತೇನೆ.”

“ನೆರೆಯವರು ನಗಾಡ್ತಾರೆ.”

“ನಗಾಡಲಿ. ಬೀಸ್ತೀರಲ್ಲ?”

ಗಂಡ ಆಗಲೇ ಹೊರಗಿದ್ದ ತಮ್ಮ ಸ್ಕೂಟರಿನ ಕಡೆ ಓಡುತ್ತಿದ್ದರು. ಬಾಗಿಲಲ್ಲಿ ತಿರುಗಿ ಕೂಗಿದರು:

“ವಿಮಾನದ ಡ್ರೈವರಿಗೆ ಸ್ವಲ್ಪ ತಡ ಮಾಡ್ಲಿಕ್ಕೆ ಹೇಳು!”